ಅಕ್ಷರ ಗುಂಡಿನ ಮುಂದೆ ನಿಂತ ಶಾಲಾ ಇನ್ಸ್‌ಪೆಕ್ಟರ್



*ಇಂದಿನ ಧಮ್ಮ ಚಿಂತನೆ*
ರಾಮಗಿರಿ, ಹೊಳಲ್ಕೆರೆ ತಾಲ್ಲೂಕು



ಪಿಯುಸಿ, ಡಿಗ್ರಿ ಮುಗಿಸಿದ ನಮ್ಮ ಮಕ್ಕಳು ಈಚೆಗೆ ಒಂದು ಇಕ್ಕಟ್ಟಿನಲ್ಲಿದ್ದಾರೆ. ಮೊಬೈಲ್ ತೆರೆದರೆ ಪ್ರತಿಯೊಬ್ಬ ಭಾಷಣಕಾರನೂ ನಿನ್ನ ಪ್ಯಾಷನ್ ಯಾವುದು, ಅದನ್ನು ಹುಡುಕು ಅನ್ನುತ್ತಾನೆ. ಮನೆಗೆ ಬಂದರೆ ಅಪ್ಪ ಅಮ್ಮ ಮೊದಲು ಒಂದು ನೌಕರಿ ಹುಡುಕು ಅನ್ನುತ್ತಾರೆ. ಭಾನುವಾರ ನಮ್ಮ ಬಳಗದಲ್ಲಿ ಕೂತರೆ ತೃಷ್ಣೆಯೇ ದುಃಖದ ಮೂಲ ಎಂಬ ಪಾಠ. ಹಾಗಾದರೆ ಒಂದು ಕೆಲಸದ ಮೇಲೆ ಮನಸ್ಸು ಹತ್ತುವುದು ತಪ್ಪೋ ಸರಿಯೋ ಎಂದು ಒಬ್ಬ ಹುಡುಗ ನನ್ನನ್ನು ನೇರವಾಗಿ ಕೇಳಿದ. ನ್ಯಾಯವಾದ ಪ್ರಶ್ನೆ. ಇವತ್ತಿನ ಓದು ಅದಕ್ಕೆ ನನ್ನ ಉತ್ತರ.

ಉಪದೇಶ ಮಾಡುವ ಬದಲು ಒಬ್ಬರ ಬದುಕನ್ನು ಹೇಳುತ್ತೇನೆ. ಅವರು ಬೌದ್ಧರಲ್ಲ. ನಮ್ಮ ಕೇರಿಯವರೂ ಅಲ್ಲ, ನಮ್ಮ ದೇಶದ ಹೋರಾಟಗಾರರೂ ಅಲ್ಲ. ಇಂಗ್ಲಿಷ್ ಪಾದ್ರಿಯೊಬ್ಬರ ಮಗ, ಸರ್ಕಾರಿ ನೌಕರ. ಆದರೆ ನಮ್ಮ ಚಿತ್ರದುರ್ಗ ಜಿಲ್ಲೆಯ ಬಂಡೆಯ ಮೇಲೆ ಎರಡು ಸಾವಿರ ವರ್ಷಕ್ಕೂ ಮೇಲ್ಪಟ್ಟು ಕೂತಿದ್ದ ಸಾಮ್ರಾಟ ಅಶೋಕನ ಮಾತನ್ನು ಇವತ್ತು ನಾವು ಓದಲು ಸಾಧ್ಯವಾಗಿರುವುದು ಅವರಿಂದ. ಅವರೇ ಬೆಂಜಮಿನ್ ಲೂಯಿಸ್ ರೈಸ್. ಕನ್ನಡ ನಾಡು ಅವರನ್ನು ಬಿ.ಎಲ್. ರೈಸ್ ಎಂದೂ ಶಾಸನ ಪಿತಾಮಹ ಎಂದೂ ಕರೆಯುತ್ತದೆ.

*ಒಂದೇ ವರ್ಷ, ಎರಡು ಘಟನೆ*

ರೈಸ್ ಹುಟ್ಟಿದ್ದು 1837ರ ಜುಲೈನಲ್ಲಿ, ಬೆಂಗಳೂರಿನಲ್ಲಿ. ತಂದೆ ರೆವರೆಂಡ್ ಬೆಂಜಮಿನ್ ರೈಸ್ ಲಂಡನ್ ಮಿಷನರಿ ಸೊಸೈಟಿಯ ಪಾದ್ರಿ. ಸುಮಾರು 50 ವರ್ಷ ಬೆಂಗಳೂರಿನಲ್ಲೇ ಇದ್ದು, ಕನ್ನಡ ಕಲಿತು, ಕನ್ನಡದಲ್ಲೇ ಕೆಲಸ ಮಾಡಿದವರು. ಅವೆನ್ಯೂ ರಸ್ತೆಯಲ್ಲಿರುವ ರೈಸ್ ಸ್ಮಾರಕ ಚರ್ಚು ಆ ತಂದೆಯ ಹೆಸರಿನದು. ತಮ್ಮ ಇ.ಪಿ. ರೈಸ್ ಮುಂದೆ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು. ಹೀಗೆ ಆ ಮನೆಯಲ್ಲಿ ಕನ್ನಡ ಮಾತು ಮೊದಲಿನಿಂದಲೂ ಇತ್ತು.

ಅದೇ 1837ರಲ್ಲಿ ಕಲ್ಕತ್ತಾದಲ್ಲಿ ಇನ್ನೊಂದು ಸಂಗತಿ ನಡೆಯಿತು. ಜೇಮ್ಸ್ ಪ್ರಿನ್ಸೆಪ್ ಎಂಬವರು ಬ್ರಾಹ್ಮಿ ಲಿಪಿಯನ್ನು ಓದಿದರು. ದೆಹಲಿಯ ಕಂಬದ ಮೇಲಿದ್ದ, ಯಾರಿಗೂ ಅರ್ಥವಾಗದ ಗೆರೆಗಳು ದೇವಾನಾಂಪ್ರಿಯ ಪ್ರಿಯದರ್ಶಿ ಎಂಬ ರಾಜನ ಮಾತುಗಳು ಎಂದು ಗೊತ್ತಾಯಿತು. ಸಿಂಹಳದ ಬೌದ್ಧ ಗ್ರಂಥಗಳ ಸಹಾಯದಿಂದ ಆ ರಾಜ ಅಶೋಕನೇ ಎಂದು ಗುರುತಿಸಲಾಯಿತು. ಪ್ರಿನ್ಸೆಪ್ ಅವರ ನೌಕರಿ ಯಾವುದು ಗೊತ್ತೇ? ಟಂಕಸಾಲೆಯಲ್ಲಿ ಲೋಹ ಪರೀಕ್ಷೆ ಮಾಡುವ ಅಧಿಕಾರಿ. ಸಂಬಳ ಬರುತ್ತಿದ್ದದ್ದು ನಾಣ್ಯದ ಕೆಲಸಕ್ಕೆ. ಲಿಪಿ ಅವರು ಬಿಡುವಿನಲ್ಲಿ ಹಚ್ಚಿಕೊಂಡ ಕೆಲಸ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

*ಛಂದ: ಮಾಡಬೇಕೆಂಬ ಇಚ್ಛೆ*

ಹುಡುಗನ ಪ್ರಶ್ನೆಗೆ ಇಲ್ಲಿ ಮೊದಲ ಉತ್ತರ. ಭಗವಾನ್ ಬುದ್ಧರು ತಣ್ಹಾ ಎಂದದ್ದು ಬೇರೆ, ಛಂದ ಎಂದದ್ದು ಬೇರೆ. ನನಗೆ ಬೇಕು, ನನ್ನದಾಗಬೇಕು, ನಾನು ದೊಡ್ಡವನಾಗಬೇಕು ಎಂಬ ಬಾಯಾರಿಕೆ ತಣ್ಹಾ. ಈ ಕೆಲಸ ಆಗಬೇಕು, ಚೆನ್ನಾಗಿ ಆಗಬೇಕು, ನಾನು ಮಾಡಬೇಕು ಎಂಬ ಇಚ್ಛೆ ಛಂದ. ಕುಶಲ ಛಂದವನ್ನು ಬುದ್ಧರು ಬಿಡಿ ಎನ್ನಲಿಲ್ಲ, ಬೆಳೆಸಿ ಎಂದರು. ಸಿದ್ಧಿಗೆ ಒಯ್ಯುವ 4 ಮೆಟ್ಟಿಲುಗಳನ್ನು, ಅಂದರೆ ಇದ್ಧಿಪಾದಗಳನ್ನು ಹೇಳುವಾಗ ಮೊದಲನೆಯದಾಗಿ ಇಟ್ಟದ್ದೇ ಛಂದವನ್ನು. ಆಮೇಲೆ ವಿರಿಯ, ಚಿತ್ತ, ವೀಮಂಸಾ. ರೈಸ್ ಅವರಿಗೆ ಈ ಪಟ್ಟಿ ಗೊತ್ತಿತ್ತೆಂದು ನಾನು ಹೇಳುತ್ತಿಲ್ಲ. ಆದರೆ ಅವರ ಬದುಕನ್ನು ಈ 4 ಮೆಟ್ಟಿಲ ಮೇಲೆ ಇಟ್ಟು ನೋಡಿದರೆ ಪಾಠ ಸುಲಭವಾಗುತ್ತದೆ.

ಇಂಗ್ಲೆಂಡಿನಲ್ಲಿ ಓದು ಮುಗಿಸಿ 1860ರಲ್ಲಿ ರೈಸ್ ಬೆಂಗಳೂರಿಗೆ ಮರಳಿದರು. ಬೆಂಗಳೂರು ಹೈಸ್ಕೂಲಿಗೆ ಮುಖ್ಯೋಪಾಧ್ಯಾಯರಾದರು. ಅದೇ ಶಾಲೆ ಮುಂದೆ ಸೆಂಟ್ರಲ್ ಕಾಲೇಜಾಯಿತು. 1865ರಲ್ಲಿ ಮೈಸೂರು ಮತ್ತು ಕೊಡಗಿನ ಶಾಲೆಗಳಿಗೆ ಇನ್ಸ್‌ಪೆಕ್ಟರ್ ಆದರು. ಆಗ ಅವರಿಗೆ 28 ವರ್ಷ.

ನಾನೂ ಮೇಷ್ಟ್ರಾಗಿ ದುಡಿದವನು. ಇನ್ಸ್‌ಪೆಕ್ಟರ್ ಸಾಹೇಬರು ಬರುತ್ತಾರೆ ಎಂದರೆ ಶಾಲೆಯಲ್ಲಿ ಏನೇನು ನಡೆಯುತ್ತದೆ ಎಂದು ಬಲ್ಲೆ. ಹಾಜರಿ ಪುಸ್ತಕ, ದಾಖಲಾತಿ, ಲೆಕ್ಕಪತ್ರ, ಮಕ್ಕಳಿಂದ ಒಂದು ಪದ್ಯ, ರುಜು, ಅಷ್ಟೇ. ಮುಂದಿನ ಊರಿಗೆ ಹೊರಡಲು ಅವಸರ. ರೈಸ್ ಕುದುರೆಯ ಮೇಲೆ ಊರೂರು ತಿರುಗಬೇಕಾಗಿತ್ತು. ಅವರ ಹುದ್ದೆ ಕೇಳಿದ್ದು ಶಾಲೆಯ ವರದಿಯನ್ನು ಮಾತ್ರ. ಆದರೆ ದಾರಿಯಲ್ಲಿ ಅವರ ಕಣ್ಣಿಗೆ ಕಲ್ಲುಗಳು ಬಿದ್ದವು. ದೇವಸ್ಥಾನದ ಮುಂದೆ, ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ, ಅಕ್ಷರ ಕೆತ್ತಿದ ಕಲ್ಲುಗಳು. ಎಲ್ಲರೂ ಅವುಗಳ ಪಕ್ಕದಲ್ಲೇ ಹಾದುಹೋಗುತ್ತಿದ್ದರು. ರೈಸ್ ಇಳಿದು ನೋಡಿದರು.

ಬಂಧುಗಳೇ, ಛಂದ ಹುಟ್ಟುವುದು ಹೀಗೆ. ಆಕಾಶದಿಂದ ಕರೆ ಬರುವುದಿಲ್ಲ. ಇರುವ ಕೆಲಸದ ದಾರಿಯಲ್ಲೇ ಯಾವುದೋ ಒಂದು ವಸ್ತು ನಮ್ಮನ್ನು ಎರಡನೇ ಸಲ ನೋಡುವಂತೆ ಮಾಡುತ್ತದೆ. ಪ್ಯಾಷನ್ ಹುಡುಕಲು ಮನೆ ಬಿಟ್ಟು ಹೋಗಬೇಕಾಗಿಲ್ಲ. ಎರಡನೇ ಸಲ ನೋಡಿದ್ದು ಯಾವುದು ಎಂದು ಗಮನಿಸಿದರೆ ಸಾಕು.

*ವಿರಿಯ: ಬಿಡದ ದುಡಿಮೆ*

ಬರೀ ಇಷ್ಟಪಟ್ಟರೆ ಸಾಲದು. ಶಾಸನಗಳ ಕನ್ನಡ ಇವತ್ತಿನ ಕನ್ನಡವಲ್ಲ. ಹಳಗನ್ನಡ, ಪೂರ್ವದ ಹಳಗನ್ನಡ, ಸಂಸ್ಕೃತ, ಕೆಲವು ಕಡೆ ತಮಿಳು, ತೆಲುಗು. ಒಂದೊಂದು ಶತಮಾನಕ್ಕೆ ಅಕ್ಷರದ ರೂಪವೇ ಬೇರೆ. ಇದನ್ನೆಲ್ಲ ರೈಸ್ ಕಲಿಯಬೇಕಾಯಿತು.

1865ರಲ್ಲಿ ಮೇಜರ್ ಡಿಕ್ಸನ್ ಎಂಬ ಅಧಿಕಾರಿ ಮೈಸೂರು ಸೀಮೆಯ ಸುಮಾರು 150 ಶಾಸನಗಳ ಫೋಟೋ ತೆಗೆದಿದ್ದರು. ಅವುಗಳನ್ನು ಓದುವ ಕೆಲಸ ರೈಸ್ ಕೈಗೆ ಬಂತು. ಆ ಓದು 1879ರಲ್ಲಿ ಮೈಸೂರು ಶಾಸನಗಳು ಎಂಬ ಪುಸ್ತಕವಾಗಿ ಹೊರಬಂತು. ನಡುವೆ ಅವರು ವಿದ್ಯಾ ಇಲಾಖೆಯ ನಿರ್ದೇಶಕರ ಹುದ್ದೆಯನ್ನೂ ನೋಡಿಕೊಂಡರು. ಮೈಸೂರು ಮತ್ತು ಕೊಡಗಿನ ಗೆಜೆಟಿಯರ್ ಬರೆದರು. 1881ರ ಜನಗಣತಿಯ ಕೆಲಸವನ್ನೂ ಹೊತ್ತರು. 1884ರಲ್ಲಿ ನಾಗವರ್ಮನ ಕರ್ಣಾಟಕ ಭಾಷಾಭೂಷಣ ಎಂಬ ಹಳೆಯ ವ್ಯಾಕರಣವನ್ನು ಸಂಪಾದಿಸಿ ಅಚ್ಚು ಹಾಕಿಸಿದರು. ಅದು ಹವ್ಯಾಸಕ್ಕೆ ಮಾಡಿದ ಕೆಲಸವಲ್ಲ. ಕಲ್ಲು ಓದಬೇಕಾದರೆ ವ್ಯಾಕರಣ ಬೇಕು, ವ್ಯಾಕರಣ ಬೇಕಾದರೆ ತಾಳೆಗರಿ ಹುಡುಕಬೇಕು. ಒಂದು ಕೆಲಸ ಇನ್ನೊಂದನ್ನು ಎಳೆದುಕೊಂಡು ಬಂತು.

ಇಲ್ಲಿ ಅಪ್ಪ ಅಮ್ಮಂದಿರು ಗಮನಿಸಬೇಕಾದ ಮಾತಿದೆ. 1865ರಲ್ಲಿ ಶಾಸನ ಓದುವ ನೌಕರಿ ಎಂಬುದು ಮೈಸೂರು ಸಂಸ್ಥಾನದಲ್ಲಿ ಇರಲೇ ಇಲ್ಲ. ರೈಸ್ ನೌಕರಿ ಬಿಟ್ಟು ಕಲ್ಲಿನ ಹಿಂದೆ ಹೋಗಲಿಲ್ಲ. ನೌಕರಿ ಮಾಡುತ್ತಲೇ ಕಲ್ಲು ಓದಿದರು. ಸುಮಾರು 20 ವರ್ಷ ಹೀಗೆ ದುಡಿದ ಮೇಲೆ, 1885ರ ಹೊತ್ತಿಗೆ, ಸಂಸ್ಥಾನವೇ ಪುರಾತತ್ವ ಇಲಾಖೆ ತೆರೆದು ಅವರನ್ನು ಅದರ ಮುಖ್ಯಸ್ಥರನ್ನಾಗಿ ಮಾಡಿತು. ಆಗಲೂ ಬೇರೆ ಹುದ್ದೆಯ ಜೊತೆಗೇ. ಪೂರ್ತಿ ಹೊತ್ತಿನ ಕೆಲಸವಾದದ್ದು 1890ರಿಂದ, ಅವರಿಗೆ 50 ದಾಟಿದ ಮೇಲೆ. ಕೆಲಸ ಮೊದಲು ಬಂತು, ಹುದ್ದೆ ಆಮೇಲೆ ಬಂತು.

*ಚಿತ್ತ: ಮನಸ್ಸನ್ನು ಅಲ್ಲೇ ನಿಲ್ಲಿಸುವುದು*

ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಹೆಸರಿನ ಸಂಪುಟಗಳನ್ನು ಕೇಳಿರಬಹುದು. 1886ರಲ್ಲಿ ಕೊಡಗಿನ ಸಂಪುಟದಿಂದ ಶುರುವಾಗಿ ಸುಮಾರು 20 ವರ್ಷಗಳಲ್ಲಿ 12 ಸಂಪುಟ ಬಂದವು. ಒಟ್ಟು ಸುಮಾರು 9,000 ಶಾಸನಗಳು. ಜಿಲ್ಲೆ ಜಿಲ್ಲೆ, ತಾಲ್ಲೂಕು ತಾಲ್ಲೂಕು ವಿಂಗಡಿಸಿ ಕೊಟ್ಟದ್ದು. ಹನ್ನೊಂದನೆಯ ಸಂಪುಟ ನಮ್ಮ ಚಿತ್ರದುರ್ಗ ಜಿಲ್ಲೆಗೆ ಮೀಸಲು. ನಮ್ಮ ಹೊಳಲ್ಕೆರೆ ತಾಲ್ಲೂಕಿನ ಕಲ್ಲುಗಳಿಗೂ ಅದರಲ್ಲಿ ಜಾಗವಿದೆ.

ಆ ಸಂಪುಟಗಳಲ್ಲಿ ಇರುವುದು ಬರೀ ರಾಜರ ಬಿರುದಲ್ಲ. ದನ ಕದಿಯಲು ಬಂದವರನ್ನು ತಡೆದು ಸತ್ತವನ ವೀರಗಲ್ಲಿದೆ. ಕೆರೆ ಕಟ್ಟಿಸಿದವರ ಕಲ್ಲಿದೆ. ಗಂಡನ ಚಿತೆ ಏರಿದ ಹೆಂಗಸಿನ ಮಾಸ್ತಿಕಲ್ಲಿದೆ. ಯಾವ ಪುರಾಣದಲ್ಲೂ ಹೆಸರಿಲ್ಲದ ಮನುಷ್ಯರ ಹೆಸರುಗಳು ಅಲ್ಲಿ ಸಿಗುತ್ತವೆ.

ಈ ಕೆಲಸವನ್ನು ರೈಸ್ ಒಬ್ಬರೇ ಮಾಡಲಿಲ್ಲ. ಕನ್ನಡ ಸಂಸ್ಕೃತ ಪಂಡಿತರು ಜೊತೆಗಿದ್ದರು. ಕೊನೆಯ ವರ್ಷಗಳಲ್ಲಿ ಸಹಾಯಕರಾಗಿದ್ದ ಆರ್. ನರಸಿಂಹಾಚಾರ್ ಅವರೇ 1906ರಲ್ಲಿ ಆ ಹುದ್ದೆಗೆ ಬಂದರು. ಕಲ್ಲು ತೊಳೆದವರು, ಹೂತ ಕಲ್ಲನ್ನು ಎತ್ತಿ ನಿಲ್ಲಿಸಿದವರು, ಇಲ್ಲಿದೆ ಬನ್ನಿ ಎಂದು ಕರೆದೊಯ್ದು ತೋರಿಸಿದ ಊರಿನವರು ಎಷ್ಟೋ ಜನ. ಅವರ ಹೆಸರು ಪುಸ್ತಕದ ಮೇಲಿಲ್ಲ. ನಾವು ಬಾಬಾಸಾಹೇಬರ ಮಕ್ಕಳು, ದೊಡ್ಡವರ ಕೆಲಸ ಓದುವಾಗ ಹಾರೆ ಹಿಡಿದವರು ಯಾರು ಎಂದು ಕೇಳಲೇಬೇಕು. ಇನ್ನೊಂದನ್ನೂ ಹೇಳಬೇಕು. ರೈಸ್ ಹಿಂದೆ ಬ್ರಿಟಿಷ್ ಅಧಿಕಾರವಿತ್ತು, ಸಂಬಳವಿತ್ತು, ಕುದುರೆಯಿತ್ತು. ಯಾವ ದೇವಸ್ಥಾನದ ಅಂಗಳಕ್ಕೆ ಹೋಗಿ ಕಲ್ಲು ನೋಡಿದರೂ ತಡೆಯುವವರು ಕಡಿಮೆ. ಅದೇ ಕಾಲದಲ್ಲಿ ನಮ್ಮ ಮುತ್ತಾತಂದಿರಿಗೆ ಆ ಅಂಗಳವೂ ಇಲ್ಲ, ಅಕ್ಷರವೂ ಇಲ್ಲ. ಇಷ್ಟನ್ನು ತಿಳಿದೇ ಅವರ ಶ್ರಮಕ್ಕೆ ಗೌರವ ಕೊಡೋಣ.

*1892: ನಮ್ಮ ಜಿಲ್ಲೆಯ ಬಂಡೆ*

ನಮ್ಮ ರಾಮಗಿರಿ ಜಿಲ್ಲೆಯ ಈ ತುದಿಯಲ್ಲಿದ್ದರೆ ಬ್ರಹ್ಮಗಿರಿ ಆ ತುದಿಯಲ್ಲಿದೆ. ಹೊಳಲ್ಕೆರೆ, ಚಿತ್ರದುರ್ಗ, ಚಳ್ಳಕೆರೆ ದಾಟಿ ಮೊಳಕಾಲ್ಮೂರು ತಾಲ್ಲೂಕಿಗೆ ಹೋಗಬೇಕು. ಅಡಿಕೆ ತೆಂಗಿನ ಹಸಿರು ಹಿಂದೆ ಸರಿದು, ಬಂಡೆಗುಡ್ಡ, ಕುರುಚಲು ಕಾಣುವ ಬಯಲು ಸೀಮೆ. ಅಲ್ಲಿ ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರ ಬೆಟ್ಟ, 3 ಜಾಗಗಳು ಹತ್ತಿರ ಹತ್ತಿರ ಇವೆ.

1892ರಲ್ಲಿ ರೈಸ್ ಅಲ್ಲಿ ಅಶೋಕನ ಶಾಸನಗಳನ್ನು ಕಂಡುಹಿಡಿದರು. ಮೂರೂ ಜಾಗದಲ್ಲಿ. ಅವರಿಗಾಗ 54 ವರ್ಷ. ಮೌರ್ಯರ ಆಡಳಿತದ ಮಾತು ಇಷ್ಟು ದಕ್ಷಿಣದವರೆಗೆ ತಲುಪಿತ್ತು ಎನ್ನುವುದಕ್ಕೆ ಕಲ್ಲಿನ ಸಾಕ್ಷಿ ಸಿಕ್ಕಿತು. ಪ್ರಿನ್ಸೆಪ್ ಲಿಪಿ ಓದಿದ ವರ್ಷ ಹುಟ್ಟಿದ ಮಗು, ಅದೇ ಲಿಪಿಯನ್ನು ನಮ್ಮ ಜಿಲ್ಲೆಯಲ್ಲಿ ಕಂಡಿತು.

ಬ್ರಹ್ಮಗಿರಿಯ ಆ ಬಂಡೆಗೆ ಊರವರು ಇಟ್ಟಿದ್ದ ಹೆಸರು ಅಕ್ಷರ ಗುಂಡು. ಜಟಿಂಗ ರಾಮೇಶ್ವರದ ಬಂಡೆ ಬಳೆಗಾರರ ಗುಂಡು. ಬಳೆ ಮಾರುವವರು ಅಲ್ಲಿ ತಮ್ಮ ಸರಕು ಹರಡುತ್ತಿದ್ದರಂತೆ. ಆ ಬಂಡೆಯ ಅಕ್ಷರ ಬಹಳ ಸವೆದಿದೆ. ಅಕ್ಷರ ಗುಂಡು ಎಂಬ ಹೆಸರನ್ನು ನಾನು ಎಷ್ಟೋ ಸಲ ನೆನೆಯುತ್ತೇನೆ. ಅದರಲ್ಲಿ ಏನು ಬರೆದಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಆದರೆ ಅದು ಅಕ್ಷರ ಎಂಬುದನ್ನು ಜನ ಮರೆತಿರಲಿಲ್ಲ. ಓದಲು ಬಾರದವರ ನಾಲಿಗೆಯ ಮೇಲೆ ಆ ಒಂದು ಪದ ಉಳಿದುಕೊಂಡು ಬಂದಿತ್ತು.

*ಕಲ್ಲಿನಲ್ಲಿ ಏನಿದೆ*

ಈಗ ಮುಖ್ಯ ಮಾತಿಗೆ ಬರುತ್ತೇನೆ. ಆ ಶಾಸನ ಏನು ಹೇಳುತ್ತದೆ?

ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರ ಕ್ಷೇಮ ವಿಚಾರಿಸಿ ಕಳಿಸಿದ ಪತ್ರದಂತೆ ಅದು ಶುರುವಾಗುತ್ತದೆ. ಆಮೇಲೆ ದೇವಾನಾಂಪ್ರಿಯನ ಮಾತು. ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕಿಂತ ಹೆಚ್ಚಾಯಿತು, ಆದರೆ ಒಂದು ವರ್ಷ ಅಷ್ಟಾಗಿ ಶ್ರಮ ಪಡಲಿಲ್ಲ, ಸಂಘದ ಹತ್ತಿರ ಬಂದು ಒಂದು ವರ್ಷಕ್ಕಿಂತ ಹೆಚ್ಚಾಯಿತು, ಅಲ್ಲಿಂದ ತುಂಬ ಶ್ರಮಿಸಿದ್ದೇನೆ ಎಂದು ರಾಜ ತಿಳಿಸುತ್ತಾನೆ. ಈ ಶ್ರಮದ ಫಲ ದೊಡ್ಡವರಿಗೆ ಮಾತ್ರ ಸಿಗುವಂಥದ್ದಲ್ಲ, ಚಿಕ್ಕವನೂ ಶ್ರಮಿಸಿದರೆ ಪಡೆಯಬಹುದು ಎನ್ನುತ್ತಾನೆ. ಆ ಕಾಲದ ರೂಢಿಯಂತೆ ಫಲಕ್ಕೆ ಸ್ವರ್ಗ ಎಂಬ ಪದ ಬಳಸುತ್ತಾನೆ. ನಾವು ಆ ಪದಕ್ಕೆ ಜೋತುಬೀಳಬೇಕಾಗಿಲ್ಲ. ಚಿಕ್ಕವರೂ ದೊಡ್ಡವರೂ ಶ್ರಮಿಸಲಿ ಎಂಬುದಕ್ಕಾಗಿಯೇ ಇದನ್ನು ಸಾರಿದ್ದೇನೆ ಎನ್ನುತ್ತಾನೆ. ಕೊನೆಯಲ್ಲಿ ತಂದೆ ತಾಯಿಯ ಮಾತು ಕೇಳುವುದು, ಪ್ರಾಣಿಗಳ ಮೇಲೆ ದಯೆ, ಸತ್ಯ ನುಡಿಯುವುದು, ಗುರುವಿಗೆ ಗೌರವ, ಇವು ಧಮ್ಮದ ಗುಣ ಎಂದು ಹೇಳಿ ಮುಗಿಯುತ್ತದೆ.

ಬಂಧುಗಳೇ, ನಮ್ಮ ಜಿಲ್ಲೆಯ ಬಹು ಹಳೆಯ ಬರಹ ಇದು. ಇದರಲ್ಲಿ ಯುದ್ಧದ ಜಯವಿಲ್ಲ, ವಂಶದ ಹೊಗಳಿಕೆಯಿಲ್ಲ. ಉತ್ಸಾಹದ ವಿಷಯವಿದೆ. ದೊಡ್ಡವರಿಗೆ ಒಂದು ಧರ್ಮ, ಚಿಕ್ಕವರಿಗೆ ಇನ್ನೊಂದು ಎನ್ನದೆ ಇಬ್ಬರಿಗೂ ಒಂದೇ ದಾರಿ ಹೇಳಿದ ಮಾತಿದೆ. ಹುಟ್ಟಿನಿಂದಲೇ ಮನುಷ್ಯನ ಅಳತೆ ಮಾಡುವ ನಾಡಿನಲ್ಲಿ ಶ್ರಮದಿಂದ ಅಳತೆ ಮಾಡುವ ಮಾತು ಬಂಡೆಯ ಮೇಲಿತ್ತು. ಅದನ್ನು ಓದುವ ವಿದ್ಯೆಯೇ ಕಳೆದುಹೋಗಿತ್ತು.

ಇನ್ನೊಂದು ಸಣ್ಣ ಸಂಗತಿ. ಶಾಸನದ ಕೊನೆಗೆ ಬರೆದವನ ಹೆಸರಿದೆ. ಚಪಡ. ಅವನು ಲಿಪಿಕಾರ. ಇಡೀ ಶಾಸನ ಬ್ರಾಹ್ಮಿಯಲ್ಲಿದ್ದರೆ, ಲಿಪಿಕಾರ ಎಂಬ ಆ ಪದವನ್ನು ಮಾತ್ರ ಅವನು ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ವಾಯವ್ಯದ ಗಾಂಧಾರದ ಕಡೆಯ ಲಿಪಿ, ಬಲದಿಂದ ಎಡಕ್ಕೆ ಬರೆಯುವಂಥದ್ದು. ರಾಜನ ಆಜ್ಞೆ ಮುಗಿದ ಮೇಲೆ ಒಬ್ಬ ಕೆಲಸಗಾರ ತನಗೆ ಬರುವ ವಿದ್ಯೆಯನ್ನು ಒಂದೇ ಪದದಲ್ಲಿ ಬಿಟ್ಟು ಹೋಗಿದ್ದಾನೆ. ಯಾರೂ ಕೇಳದಿದ್ದರೂ ತನ್ನ ಕೆಲಸದ ಮೇಲೆ ಪ್ರೀತಿ ಇದ್ದವನು ಹೀಗೆ ಮಾಡುತ್ತಾನೆ ಎಂದು ನನಗೆ ಅನ್ನಿಸುತ್ತದೆ.

*ವೀಮಂಸಾ: ಪರೀಕ್ಷಿಸಿ ನೋಡುವುದು*

ನಾಲ್ಕನೆಯ ಮೆಟ್ಟಿಲು ಬಹಳ ಜನ ಬಿಟ್ಟುಬಿಡುವ ಮೆಟ್ಟಿಲು. ಉತ್ಸಾಹಿಗಳಿಗೆ ತಾವು ಹೇಳಿದ್ದೇ ಸರಿ ಎಂಬ ಜಂಬ ಬೇಗ ಬರುತ್ತದೆ. ರೈಸ್ ತಮ್ಮ ಸಂಪುಟಗಳಲ್ಲಿ ಶಾಸನದ ಪಾಠವನ್ನು ಕನ್ನಡ ಅಕ್ಷರದಲ್ಲಿ ಕೊಟ್ಟರು, ರೋಮನ್ ಅಕ್ಷರದಲ್ಲೂ ಕೊಟ್ಟರು, ಜೊತೆಗೆ ಅನುವಾದ ಕೊಟ್ಟರು. ಇದರ ಅರ್ಥವೇನು? ನನ್ನನ್ನು ನಂಬಿ ಎಂದಲ್ಲ, ನೀವೇ ಓದಿ ತಾಳೆ ನೋಡಿ ಎಂದು. ಹಾಗೆ ತಾಳೆ ನೋಡಿದವರು ಅವರನ್ನು ಎದುರಿಸಿದರು ಕೂಡ. ಗಂಗ ಅರಸರ ಹಲವು ತಾಮ್ರಪಟಗಳು ನಕಲಿ ಎಂದು ಜೆ.ಎಫ್. ಫ್ಲೀಟ್ ಎಂಬ ವಿದ್ವಾಂಸರು ವಾದಿಸಿದರು. ರೈಸ್ ಒಪ್ಪಲಿಲ್ಲ. ಈ ವಾದ ವರ್ಷಗಟ್ಟಲೆ ನಡೆಯಿತು. ಆದರೂ ಕೆಲಸ ನಿಲ್ಲಲಿಲ್ಲ. ತಾವು ಹಿಂದೆ ಬರೆದಿದ್ದ ಮೈಸೂರು ಗೆಜೆಟಿಯರನ್ನು ಹೊಸ ತಿಳಿವಳಿಕೆ ಸೇರಿಸಿ 1897ರಲ್ಲಿ ತಿದ್ದಿ ಮತ್ತೆ ಹೊರತಂದರು. ಕಾಲಾಮರಿಗೆ ಬುದ್ಧರು ಹೇಳಿದ್ದು ಇದನ್ನೇ ಅಲ್ಲವೇ? ಹೇಳಿದವರು ಯಾರು ಎಂದು ನೋಡಿ ಒಪ್ಪಬೇಡಿ, ಪರೀಕ್ಷಿಸಿ ಒಪ್ಪಿ ಎಂದು.

1906ರಲ್ಲಿ ರೈಸ್ ನಿವೃತ್ತರಾಗಿ ಇಂಗ್ಲೆಂಡಿಗೆ ಹೋದರು. ಅಲ್ಲಿಯೂ ಕಲ್ಲು ಅವರನ್ನು ಬಿಡಲಿಲ್ಲ. 1909ರಲ್ಲಿ, ಶಾಸನಗಳಿಂದ ತಿಳಿದುಬರುವ ಮೈಸೂರು ಮತ್ತು ಕೊಡಗಿನ ಚರಿತ್ರೆಯನ್ನು ಪುಸ್ತಕವಾಗಿ ಬರೆದರು. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿ ಇಂಜಿನಿಯರ್ ಇನ್ನೊಂದು ಶಾಸನ ಕಂಡರು. ಅದರಲ್ಲಿ ಅಶೋಕ ಎಂಬ ಹೆಸರೇ ಇತ್ತು. ದೇವಾನಾಂಪ್ರಿಯನೇ ಅಶೋಕ ಎನ್ನುವುದಕ್ಕೆ ಕಲ್ಲಿನ ರುಜುವಾತು ಸಿಕ್ಕಿತು. ರೈಸ್ ಆಗ ಬದುಕಿದ್ದರು. 1927ರ ಜುಲೈನಲ್ಲಿ, ಸುಮಾರು 90ರ ವಯಸ್ಸಿನಲ್ಲಿ ಹ್ಯಾರೋ ಎಂಬ ಊರಿನಲ್ಲಿ ತೀರಿಕೊಂಡರು.

ಕೆಲಸ ಅಲ್ಲಿಗೆ ಮುಗಿಯಲಿಲ್ಲ. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಉತ್ಖನನ ಮಾಡಿದರು. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಅಶೋಕನ ಇನ್ನಷ್ಟು ಶಾಸನ ಸಿಕ್ಕವು. ಅದರ ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ರಾಯ ಅಶೋಕ ಎಂದು ಹೆಸರು ಕೆತ್ತಿದ ಶಿಲ್ಪವೇ ಸಿಕ್ಕಿತು. ಬೌದ್ಧ ಧಮ್ಮ ಎಲ್ಲಿಂದಲೋ ಮೊನ್ನೆ ತಂದ ಧರ್ಮ ಎಂದು ನಮ್ಮನ್ನು ಯಾರಾದರೂ ಕೇಳಿದರೆ, ಈ ಊರುಗಳ ಹೆಸರು ಹೇಳಿ ಸಾಕು.

*ಮೂವರಲ್ಲಿ ಒಂದೇ ಗುಣ*

ಟಂಕಸಾಲೆಯ ಅಧಿಕಾರಿ, ಶಾಲಾ ಇನ್ಸ್‌ಪೆಕ್ಟರ್, ಗಣಿ ಇಂಜಿನಿಯರ್. ಅಶೋಕನನ್ನು ನಮಗೆ ತಿರುಗಿ ಕೊಟ್ಟ ಈ ಮೂವರಲ್ಲಿ ಯಾರಿಗೂ ಅಶೋಕನನ್ನು ಹುಡುಕು ಎಂದು ಸಂಬಳ ಕೊಟ್ಟು ಕಳಿಸಿರಲಿಲ್ಲ. ಹೊಟ್ಟೆಗೆ ಒಂದು ಕೆಲಸ, ಮನಸ್ಸಿಗೆ ಒಂದು ಕೆಲಸ. ಎರಡಕ್ಕೂ ಜಗಳವಿರಲಿಲ್ಲ.

ಅವರೆಲ್ಲ ಉಳ್ಳವರು ಮೇಷ್ಟ್ರೇ, ನಮಗೆಲ್ಲಿ ಅದು ಎಂದು ಕೇಳಬಹುದು. ಅದಕ್ಕೆ ಬಾಬಾಸಾಹೇಬರ ಬದುಕೇ ಉತ್ತರ. 1907ರಲ್ಲಿ ಮೆಟ್ರಿಕ್ ಪಾಸಾದಾಗ ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಅವರು ತಾವು ಬರೆದ ಬುದ್ಧನ ಚರಿತ್ರೆಯನ್ನು ಆ ಹುಡುಗನ ಕೈಗೆ ಕೊಟ್ಟರು. 1917ರಲ್ಲಿ ವಿದ್ಯಾರ್ಥಿವೇತನ ಮುಗಿದು ಲಂಡನ್ನಿನ ಓದು ಅರ್ಧಕ್ಕೇ ನಿಂತಿತು. ಬರೋಡಾದಲ್ಲಿ ಅವಮಾನ ಉಂಡರು. ಮುಂಬೈನ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಹೇಳಿ ದುಡ್ಡು ಕೂಡಿಸಿ 1920ರಲ್ಲಿ ಮತ್ತೆ ಲಂಡನ್ನಿಗೆ ಹೋಗಿ ಓದು ಮುಗಿಸಿದರು. ಕುದುರೆಯಿಲ್ಲ, ಅಧಿಕಾರವಿಲ್ಲ, ಅಂಗಳಕ್ಕೆ ಬಿಡುವವರೂ ಇಲ್ಲ. 1907ರಲ್ಲಿ ಕೈಗೆ ಬಂದ ಆ ಪುಸ್ತಕದಿಂದ 1956ರ ಅಕ್ಟೋಬರ್ 14ರಂದು ನಾಗಪುರದ ದೀಕ್ಷೆಯವರೆಗೆ 49 ವರ್ಷ. ಛಂದ ಇಷ್ಟು ದೀರ್ಘವಾಗಿ ಕಾಯಬಲ್ಲದು. ತಣ್ಹಾ ಕಾಯುವುದಿಲ್ಲ, ಇವತ್ತೇ ಬೇಕು ಎನ್ನುತ್ತದೆ. ಎರಡರ ವ್ಯತ್ಯಾಸ ಗುರುತಿಸಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ.

ಹಿರಿಯರಿಗೂ ಒಂದು ಮಾತು. ಉಪಾಸಕನಾದ ಮೇಲೂ ಒಂದು ವರ್ಷ ಸುಮ್ಮನಿದ್ದೆ ಎಂದು ಚಕ್ರವರ್ತಿಯೇ ಕಲ್ಲಿನ ಮೇಲೆ ಬರೆಸಿದ. ನಾವು ದೀಕ್ಷೆ ತಗೊಂಡೆವು, 22 ಪ್ರತಿಜ್ಞೆ ಹೇಳಿದೆವು, ಗೋಡೆಯ ಮೇಲಿನ ಫೋಟೋ ಬದಲಾಯಿಸಿದೆವು. ಆಮೇಲೆ? ಮಕ್ಕಳ ಸರ್ಟಿಫಿಕೇಟಿನ ಬಗ್ಗೆ ಮಾಡುವಷ್ಟು ಚಿಂತೆಯನ್ನು ಅವರ ಮನಸ್ಸು ಯಾವುದರಲ್ಲಿ ನಿಲ್ಲುತ್ತದೆ ಎಂಬುದರ ಬಗ್ಗೆಯೂ ಮಾಡಬೇಕು. ನೌಕರಿ ಬೇಕು, ಖಂಡಿತ ಬೇಕು. ಬಾಬಾಸಾಹೇಬರು ಹೋರಾಡಿ ಕೊಟ್ಟ ಹಕ್ಕು ಅದು. ಆದರೆ ನೌಕರಿ ಸಿಕ್ಕ ಮೇಲೆ ಮಗು ಖಾಲಿಯಾಗಿ ಕೂರಬಾರದು. ಚಿತ್ರ ಬರೆಯುವ ಹುಡುಗಿಯಿರಲಿ, ಮೋಟಾರು ಬಿಚ್ಚಿ ಜೋಡಿಸುವ ಹುಡುಗನಿರಲಿ, ತಮಟೆಯ ಲಯ ಹಿಡಿದವನಿರಲಿ, ಅದು ಹೊಟ್ಟೆಗೆ ಆಗುತ್ತದೆಯೇ ಎಂಬ ಒಂದೇ ಪ್ರಶ್ನೆಯಿಂದ ಬಾಯಿ ಮುಚ್ಚಿಸಬೇಡಿ. ನಮ್ಮ ಹಿಂದಿನವರಿಗೆ ಜಾತಿಯೇ ಕೆಲಸವನ್ನು ಗೊತ್ತು ಮಾಡಿತ್ತು. ತನಗೆ ಇಷ್ಟವಾದದ್ದನ್ನು ಆರಿಸುವ ಸ್ವಾತಂತ್ರ್ಯ ನಮ್ಮ ಮನೆಗಳಿಗೆ ಬಂದು ಇನ್ನೂ ಎರಡು ಮೂರು ತಲೆಮಾರು. ಅದನ್ನು ನಾವೇ ನಮ್ಮ ಕೈಯಾರೆ ಕಿತ್ತುಕೊಳ್ಳುವುದು ಬೇಡ.

*ಈ ವಾರದ ಅಭ್ಯಾಸ*

1. ಈ ವಾರ ನಿಮ್ಮನ್ನು ಎರಡನೇ ಸಲ ನೋಡುವಂತೆ ಮಾಡಿದ್ದು ಯಾವುದು, ಬರೆದಿಡಿ. (ಛಂದ)

2. ಅದಕ್ಕೆ ದಿನಕ್ಕೆ ಅರ್ಧ ಗಂಟೆ ಕೊಡಿ. ಕೂಲಿ, ಕಾಲೇಜು, ಅಡುಗೆ ಏನೇ ಇರಲಿ, ಅರ್ಧ ಗಂಟೆ. (ವಿರಿಯ)

3. ಆ ಅರ್ಧ ಗಂಟೆ ಮೊಬೈಲ್ ದೂರ ಇಡಿ, ಈ ಗ್ರೂಪ್ ಕೂಡ ನೋಡಬೇಡಿ. (ಚಿತ್ತ)

4. ವಾರದ ಕೊನೆಗೆ ಆ ಕೆಲಸ ಬಲ್ಲವರೊಬ್ಬರಿಗೆ ತೋರಿಸಿ, ತಪ್ಪಿದ್ದರೆ ಹೇಳಿ ಎಂದು ಕೇಳಿ. (ವೀಮಂಸಾ)

ಅನುಕೂಲ ಇರುವವರು ಮಕ್ಕಳನ್ನು ಒಂದು ದಿನ ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿ. ಬುತ್ತಿ ಕಟ್ಟಿಕೊಳ್ಳಿ, ನೀರು ಹೆಚ್ಚು ಒಯ್ಯಿರಿ, ಬಿಸಿಲು ಜೋರು. ಬಂಡೆಯ ಮುಂದೆ ತ್ರಿಶರಣ ಹೇಳಿ. ಆಮೇಲೆ ಮಕ್ಕಳಿಗೆ ಕೊನೆಯ ಸಾಲಿನಲ್ಲಿರುವ ಚಪಡನ ಹೆಸರನ್ನು ಹುಡುಕಲು ಹೇಳಿ.

ಮನೆಯಲ್ಲಿ ಓದಲು ಬಾರದ ಹಿರಿಯರಿದ್ದರೆ ದಯವಿಟ್ಟು ಇದನ್ನು ಜೋರಾಗಿ ಓದಿ ಹೇಳಿ. ನಿಮ್ಮ ಊರಿನ ಕಲ್ಲುಗಳ ಬಗ್ಗೆ ಅವರಿಗೆ ಏನು ಗೊತ್ತು ಎಂದು ಕೇಳಿ, ಬರೆದುಕೊಂಡು ಭಾನುವಾರ ಬಳಗಕ್ಕೆ ತನ್ನಿ.

ಭವತು ಸಬ್ಬ ಮಂಗಲಂ.
ಜೈ ಭೀಮ್. ನಮೋ ಬುದ್ಧಾಯ.